ಕೋಳಿಗೆ ಎಂದ ಜೋಳ

ಕುಶಾಲನಗರದ ದೊಡ್ಡ ಅಂಗಡಿಯಲ್ಲಿ ಅರ್ಧ ಕಿಲೋ ಪೊಟ್ಟಣಕ್ಕೆ ನೂರ ನಲವತ್ತು ರೂಪಾಯಿ. ಪೊಟ್ಟಣದ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡ ಬಿಳಿಯ ಹೆಂಗಸಿನ ಚಿತ್ರ, ಒಳಗೆ ಹಳದಿ ಹಿಟ್ಟು. ಹೋದ ಕೊಯ್ಲಿನಲ್ಲಿ ಶಿರಂಗಾಲದ ತಮ್ಮ ಅಂಗಳದಿಂದ ಲಾರಿಯವನು ಮುಸುಕಿನ ಜೋಳ ತೂಗಿಕೊಂಡು ಹೋದದ್ದು ಕಿಲೋಗೆ ಇಪ್ಪತ್ತೆರಡರಂತೆ. ಅದೇ ಜೋಳ ಎಲ್ಲೋ ಹೋಗಿ ಪುಡಿಯಾಗಿ, ಪ್ಲಾಸ್ಟಿಕ್ಕು ಉಟ್ಟುಕೊಂಡು, ಹನ್ನೆರಡು ಪಟ್ಟು ಗತ್ತಿನಲ್ಲಿ ಮನೆಗೆ ವಾಪಸು ಬಂದಿದೆ ಎಂದು ಸಿದ್ದಮ್ಮನಿಗೆ ತಿಳಿದದ್ದು, ಸೊಸೆ ಮಾನಸ ಒಂದು ಭಾನುವಾರ ಫೋನು ನೋಡಿಕೊಂಡು ಆ ಹಿಟ್ಟಿನಲ್ಲಿ ದಪ್ಪ ದಪ್ಪ ಸಿಹಿ ದೋಸೆ ಹುಯ್ದಾಗ. ಪ್ಯಾನ್‌ಕೇಕ್ ಅಂದಳು ಮಾನಸ. ತಿಂದರೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದೇ ಸಿದ್ದಮ್ಮನಿಗೆ ಸಿಟ್ಟು ಬರಿಸಿತು. ಅಟ್ಟದ ಮೇಲೆ ಬಿತ್ತನೆಗಲ್ಲದೆ ಸುಮ್ಮನೆ ಉಳಿಸಿಕೊಂಡಿದ್ದ ಅರ್ಧ ಮೂಟೆ ಜೋಳವಿತ್ತು. ಮಿಲ್ಲಿನ ಕೂಲಿ ಹತ್ತು ರೂಪಾಯಿ. ಬೆಲ್ಲ ಮನೆಯಲ್ಲಿದೆ, ಮಜ್ಜಿಗೆ ಮನೆಯಲ್ಲಿದೆ, ಗ್ಯಾಸು ಹೇಗೂ ಉರಿಯುತ್ತದೆ. ಹೇಗೆ ಹಾಕಿದರೂ ಒಂದು ದೋಸೆಗೆ ಮೂರು ರೂಪಾಯಿ ದಾಟುವುದಿಲ್ಲ ಎಂದು ಸೊಸೆಗೆ ಹೇಳಿ, ಇನ್ನೊಂದು ಪೊಟ್ಟಣ ತರುವುದು ಬೇಡವೆಂದಿದ್ದಳು. ಲೆಕ್ಕ ಸರಿಯಾಗಿಯೇ ಇತ್ತು. ಸೇರಿಸದೆ ಬಿಟ್ಟದ್ದು ಒಂದು ಖರ್ಚು ಮಾತ್ರ. ಮಿಲ್ಲಿನಲ್ಲಿ ಹೇಳಿದ ಒಂದು ಸುಳ್ಳು. ಅದಕ್ಕೆಷ್ಟು ಬೀಳುತ್ತದೆಂದು ಈ ಬೆಳಿಗ್ಗೆ ಒಲೆಯ ಮುಂದೆ ನಿಂತಾಗ ತಿಳಿಯತೊಡಗಿತ್ತು.

ಮೊದಲ ಸೌಟು ಹುಯ್ದಳು. ಹಿಟ್ಟು ಹೆಂಚಿನ ಮೇಲೆ ಹರಡಲಿಲ್ಲ. ನೀರು ಒಂದು ಕಡೆ ಓಡಿತು, ಜೋಳದ ತರಿ ಹೊಳೆದಂಡೆಯ ಮರಳಿನ ಹಾಗೆ ಇದ್ದಲ್ಲೇ ಕೂತಿತು. ಮಗುಚುವ ಕೈ ಕೆಳಗೆ ತೂರಿಸಿದರೆ ದೋಸೆ ಮೂರು ತುಂಡು, ಎತ್ತಿದರೆ ಏಳು, ತಟ್ಟೆಗೆ ಹಾಕುವಷ್ಟರಲ್ಲಿ ಲೆಕ್ಕಕ್ಕೇ ಸಿಗಲಿಲ್ಲ. ಹೆಂಚಿನದೇ ತಪ್ಪು ಇರಬಹುದೆಂದು ಅರ್ಧ ಈರುಳ್ಳಿ ಎಣ್ಣೆಯಲ್ಲದ್ದಿ ಉಜ್ಜಿದಳು. ಎರಡನೆಯದೂ ಹಾಗೇ ಆಯಿತು. ಮಾನಸಳ ಕರಿ ಪ್ಯಾನು ತೆಗೆದಳು, ಆ ಪ್ಯಾನಿನ ಬಗ್ಗೆ ತಾನು ಎಷ್ಟು ಮಾತಾಡಿದ್ದೇನೆಂಬುದನ್ನು ಯಾರೂ ಈಗ ನೆನಪು ಮಾಡಿಕೊಡಲು ಎದ್ದಿಲ್ಲವೆಂಬ ಧೈರ್ಯದಲ್ಲಿ. ಅದರಲ್ಲಿ ಅಂಟಲಿಲ್ಲ, ನಿಜ. ಆದರೆ ಮಗುಚಿದಾಗ ಅಂಟಿಕೊಳ್ಳದೆಯೇ ಪುಡಿಯಾಯಿತು. ತುಂಡುಗಳನ್ನೆಲ್ಲ ಒಂದು ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿದಳು. ಮುಚ್ಚಳ ಪಾತ್ರೆಗೆ ತಾಗಿ ಸದ್ದಾಯಿತು. ನಡುಮನೆಯಿಂದ ಬಳೆಯ ಸಣ್ಣ ಸದ್ದು ಕೇಳಿ, ಮತ್ತೆ ನಿಂತಿತು. ಬೀಗಿತ್ತಿ ಅನುಪಮಾ, ಮಾನಸಳ ತಾಯಿ, ನಿನ್ನೆ ಸಂಜೆ ಸಿದ್ದಾಪುರದಿಂದ ಬಂದವಳು, ಮಗ್ಗುಲು ಬದಲಿಸಿರಬೇಕು. ಮಗ ಸತೀಶ ಕತ್ತಲಿರುವಾಗಲೇ ಪಿಕಪ್ಪಿನಲ್ಲಿ ಶುಂಠಿ ತುಂಬಿಕೊಂಡು ಹೋಗಿದ್ದ. ಗಂಡ ನಂಜಪ್ಪ ಹೊಲದ ಪೈಪು ನೋಡಲು ಹೋಗಿದ್ದ. ಕಿಟಕಿಯಾಚೆ ಮಂಜು ನಿಧಾನವಾಗಿ ತೆಳುವಾಗುತ್ತಿತ್ತು. ಹಿತ್ತಲಿನ ಖಾಲಿ ಕೊಟ್ಟಿಗೆ ಮೊದಲು ಕಂಡಿತು, ಆಮೇಲೆ ಬೇಲಿ, ಆಮೇಲೆ ಬೇಲಿಯಾಚೆಯ ಜೋಳದ ಕೂಳೆ. ಕೋಳಿ ಮಾತ್ರ ಎಲ್ಲೂ ಕಾಣಲಿಲ್ಲ. ಕಾಣುವುದಾದರೂ ಹೇಗೆ, ಆ ಮನೆಯಲ್ಲಿ ಕೋಳಿಯೇ ಇರಲಿಲ್ಲ.

ಅಶೋಕನ ಮಿಲ್ಲಿನಲ್ಲಿ ಎರಡು ಮಿಷನ್ನು. ಬಾಗಿಲ ಹತ್ತಿರದ್ದು ರಾಗಿ, ಅಕ್ಕಿ, ಗೋಧಿಗೆ. ಹಿಂದಿನ ಮೂಲೆಯದು ದನಕ್ಕೆ, ಕೋಳಿಗೆ. ಬೋರ್ಡು ಹಾಕಿಲ್ಲ, ಆದರೂ ಜೋಳದ ಚೀಲ ಹೊತ್ತವರು ಸಾಲಿನಲ್ಲಿ ನಿಲ್ಲದೆ ಸೀದಾ ಹಿಂದಕ್ಕೆ ಹೋಗುತ್ತಾರೆ. ನಿನ್ನೆ ಬೆಳಿಗ್ಗೆ ಸಿದ್ದಮ್ಮ ರಾಗಿಯವರ ಸಾಲಿನಲ್ಲಿ ನಿಂತಿದ್ದಳು. ಬೇಕೆಂದೇ ನಿಂತಿದ್ದಳು, ಮನೆಯಿಂದ ಹೊರಟಾಗಲೇ ಹಾಗೆಂದು ತೀರ್ಮಾನಿಸಿದ್ದಳು. ಅಶೋಕ ಹಿಟ್ಟು ಮೆತ್ತಿದ ಹುಬ್ಬು ಎತ್ತಿ, "ಏನ್ ಸಿದ್ದಮ್ಮಾರೆ, ದಾರಿ ತಪ್ಪಿದ್ರಾ? ಜೋಳ ಹಿಂದ್ಗಡೆ" ಅಂದ.

"ಗೊತ್ತು ಕಣಪ್ಪ."

"ಹಸ ಮಾರ್ಬುಟ್ರಲ್ಲ, ಇದ್ಯಾರಿಗೆ ಮತ್ತೆ?"

ಸಾಲಿನ ಹೆಂಗಸರೆಲ್ಲ ತಿರುಗಿದರು. ಅವರ ಕಣ್ಣಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೆಳಗಿನಿಂದ ನಿಂತು ಬೇಜಾರಾದವರಿಗೆ ಒಂದು ಹೊಸ ವಿಷಯ ಸಿಕ್ಕಿತ್ತು, ಅಷ್ಟೆ. "ನಮಗೆ" ಎಂಬ ಮಾತು ಸಿದ್ದಮ್ಮನ ನಾಲಿಗೆಯ ಮೇಲೇ ಇತ್ತು. ಅದು ಒಳಗೇ ಉಳಿದುಕೊಂಡು, "ಕೋಳಿಗೆ" ಎಂಬುದು ಹೊರಗೆ ಬಂತು.

"ಕೋಳಿ ಸಾಕಿದ್ದೀರಾ? ಯಾವಾಗ್ಲಿಂದ?" ಇದು ಕೆಂಚಿ. ಯಾರ ಶುಂಠಿ ಹೊಲದಲ್ಲಿ ಕೆಲಸವಿದ್ದರೂ ಹೋಗುವವಳು, ಒಂದು ಹೊಲದ ಸುದ್ದಿಯನ್ನು ಇನ್ನೊಂದು ಹೊಲಕ್ಕೆ ಕೂಲಿಯಿಲ್ಲದೆ ದಾಟಿಸುವವಳು.

"ಆಯ್ತು, ಸುಮಾರು ದಿನ."

"ನಾಟಿನಾ, ಫಾರಮ್ಮಾ?"

"ನಾಟಿ."

"ಎಷ್ಟವೆ?"

"ಇವೆ ಬುಡು, ಒಂದೈದಾರು."

ಒಂದು ಸುಳ್ಳಿಗೆ ಅಷ್ಟರಲ್ಲೇ ಗೂಡು ಕಟ್ಟಿ ಐದಾರು ಕೋಳಿ ಬಿಟ್ಟಾಗಿತ್ತು. ಚೀಲ ಹಿಂದಿನ ಮಿಷನ್ನಿಗೆ ಹೋಯಿತು. ಕೋಳಿಗೆ ಎಂದ ಮೇಲೆ ನುಣ್ಣಗೆ ಬೀಸು ಎನ್ನುವುದು ಹೇಗೆ? ಅಶೋಕ ಒಳ್ಳೆಯ ಕೆಲಸಗಾರ, ಕೋಳಿಯ ಕೊಕ್ಕಿಗೆ ಸಿಗಬೇಕಾದ ಅಳತೆಯಲ್ಲೇ ತರಿ ತರಿಯಾಗಿ ಒಡೆದು ಕೊಟ್ಟ. ಮನೆಗೆ ಬಂದು ಜರಡಿ ಹಿಡಿದರೆ ಹಿಟ್ಟೆಂದು ಇಳಿದದ್ದು ಎರಡು ಹಿಡಿ. ಮಿಕ್ಸಿಗೆ ಹಾಕೋಣವೆಂದರೆ ನಿನ್ನೆ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಇದು ಒಂದಾದರೆ, ಮಾನಸಳ ದೋಸೆಗೆ ಎರಡು ಮೊಟ್ಟೆ ಬೀಳುತ್ತಿತ್ತು, ಹಿಟ್ಟನ್ನು ಹಿಡಿದಿಡುವುದು ಅದೇ ಎಂದು ಸಿದ್ದಮ್ಮ ನೋಡಿಯೇ ಕಲಿತಿದ್ದಳು. ಮೊಟ್ಟೆ ಸಿಗುವ ಅಂಗಡಿ ಮಿಲ್ಲಿನ ಪಕ್ಕದಲ್ಲಿದೆ. ನಾಟಿಕೋಳಿ ಸಾಕಿದವಳು ಅಂಗಡಿಯಲ್ಲಿ ಮೊಟ್ಟೆ ಕೇಳುತ್ತಾಳೆಯೇ? ನಿನ್ನೆ ಆ ಅಂಗಡಿಯ ಮುಂದೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಒಂದು ಗಳಿಗೆ ನಿಂತು, ಟ್ರೇಯಲ್ಲಿ ಸಾಲಾಗಿ ಕೂತ ಬಿಳಿ ಮೊಟ್ಟೆಗಳನ್ನು ನೋಡಿ, ಒಂದು ಬೆಂಕಿಪೊಟ್ಟಣ ಕೊಂಡು ಬಂದಿದ್ದಳು. ಮನೆಯಲ್ಲಿ ಲೈಟರಿತ್ತು.

ಮಿಕ್ಕ ಹಿಟ್ಟಿಗೆ ಒಂದು ಹಿಡಿ ಗೋಧಿಹಿಟ್ಟು ಸೇರಿಸಿ ಕಲಸುತ್ತಿದ್ದಾಗ ಅವಳಿಗೆ ಬೇರೆಯೇ ಒಂದು ಮಧ್ಯಾಹ್ನ ಕಣ್ಣ ಮುಂದೆ ಬಂತು. ಏಳು ವರ್ಷದ ಹಿಂದಿನದಿರಬೇಕು. ಮಾನಸಳ ಕಡೆಯವರು ಹುಡುಗನ ಮನೆ ನೋಡಲು ಬಂದಿದ್ದರು. ಅಂಗಳದ ತುಂಬ ಜೋಳ ಒಣಗಿಹಾಕಿತ್ತು, ಬಿಸಿಲಿಗೆ ಕಣ್ಣು ಕೋರೈಸುವಷ್ಟು. ಬರುವವರಿಗೆ ಚೆನ್ನಾಗಿ ಕಾಣಲೆಂದೇ ಸಿದ್ದಮ್ಮ ಅದನ್ನು ಮುಂಜಾನೆಯೇ ಎಳೆದು ಹರಡಿಸಿದ್ದಳು, ಬೆಳೆಯಿರುವ ಮನೆ ಎಂದು ಗೊತ್ತಾಗಲಿ ಎಂದು. ಅನುಪಮಾ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ, ಮೈಸೂರು ಸಿಲ್ಕಿನ ಸೀರೆ, ನೆಟ್ಟಗಿನ ನಡಿಗೆ. ಸೀರೆಯ ನೆರಿಗೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಜೋಳದ ಅಂಚಿನಲ್ಲಿ ದಾಟುತ್ತ, "ಇದೆಲ್ಲ ಕೋಳಿ ಫಾರಮ್ಮಿಗೆ ಹೋಗುದಾ?" ಎಂದು ಕೇಳಿದಳು. ಸಿದ್ದಮ್ಮ, "ಹೂಂ" ಅಂದಳು. ಮಾತುಕತೆ ಮುಗಿದು, ಮದುವೆಯಾಗಿ, ಮೊಮ್ಮಗಳು ಶೋಭಿತಾ ಹುಟ್ಟಿ, ಅವಳು ಶಾಲೆಗೆ ಹೋಗತೊಡಗಿದ ಮೇಲೂ ಆ ಹೂಂ ಮುಗಿಯಲಿಲ್ಲ. ಪಾತ್ರೆ ತೊಳೆಯುವಾಗಲೆಲ್ಲ ಸಿದ್ದಮ್ಮ ಅದಕ್ಕೊಂದು ಒಳ್ಳೆಯ ಜವಾಬು ಹುಡುಕುತ್ತಿದ್ದಳು. ನಿಮ್ಮ ಕಾಫಿ ಮಾತ್ರ ಯಾರ ಹೊಟ್ಟೆ ತುಂಬಿಸುತ್ತದೆ ಎನ್ನಬಹುದಿತ್ತು. ಕೋಳಿ ತಿಂದದ್ದನ್ನೇ ಅಲ್ಲವೇ ನೀವು ಕೋಳಿಯ ಮೂಲಕ ತಿನ್ನುವುದು ಎನ್ನಬಹುದಿತ್ತು. ಇದು ಚೆನ್ನಾಗಿತ್ತು, ಇದನ್ನು ಹುಡುಕಲು ಎರಡು ವರ್ಷ ಬೇಕಾಗಿತ್ತು. ಈ ಸಲ ಬೀಗಿತ್ತಿ ಬರುತ್ತಾಳೆಂದಾಗ ಮಾತೇ ಬೇಡ, ತಟ್ಟೆಗೇ ಹಾಕೋಣ, ತಿಂದು ಚೆನ್ನಾಗಿದೆ ಅನ್ನಲಿ, ಆಮೇಲೆ ಇದು ಅದೇ ಜೋಳ ಎನ್ನೋಣ ಎಂದುಕೊಂಡಿದ್ದಳು. ಅಷ್ಟೇ ಅವಳಿಗೆ ಬೇಕಿದ್ದದ್ದು. ಅದಕ್ಕಾಗಿ ಮಿಲ್ಲಿಗೆ ಹೋಗಿ, ಅಲ್ಲಿ ನಾಲ್ಕು ಜನರ ಮುಂದೆ, ಬೀಗಿತ್ತಿ ಹೇಳಿದ ಮಾತನ್ನೇ ತನ್ನ ಬಾಯಲ್ಲಿ ಹೇಳಿ ಬಂದಿದ್ದಳು.

ಯಾಕೆ ಹೇಳಿದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿರುವುದನ್ನು ಎದುರಿಗಿಟ್ಟುಕೊಂಡು ನೋಡಲು ಬಿಡುವಾಗಿರಲಿಲ್ಲ. ಹಾಸನದ ಕಡೆಯಿಂದ ಅಪ್ಪ ಇಲ್ಲಿಗೆ ಬಂದು ನೆಲ ಹಿಡಿದಾಗ ಅವಳಿನ್ನೂ ಎರಡನೇ ಕ್ಲಾಸು. ಶಾಲೆಯ ಹಿಂದೆ ದೊಡ್ಡ ಹಂಡೆಯಲ್ಲಿ ಹಳದಿ ಉಪ್ಪಿಟ್ಟು ಬೇಯುತ್ತಿತ್ತು, ಹಡಗಿನಲ್ಲಿ ಬಂದ ಜೋಳದ ರವೆಯಂತೆ, ಅಮೆರಿಕದ್ದಂತೆ. ಅದರ ವಾಸನೆಗೆ ಕೊನೆಯ ಪಾಠ ಯಾರ ತಲೆಗೂ ಹತ್ತುತ್ತಿರಲಿಲ್ಲ. ಉಂಡು ಬರುವ ಮನೆಯ ಮಕ್ಕಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಮೆಟ್ಟಿಲ ಮೇಲೆ ಕೂತು ನಿಂತವರನ್ನು ನೋಡುತ್ತಿದ್ದರು. ಆಗಿನ್ನೂ ಬರಿಯ ಸಿದ್ದಿಯಾಗಿದ್ದ ಅವಳು ಮುತ್ತುಗದ ಎಲೆ ಹಿಡಿದು ನಿಂತದ್ದನ್ನು ನೋಡಿ ಅವಳ ಬೆಂಚಿನ ಗೆಳತಿಯೇ, "ಥೂ, ದನದ ತಿಂಡಿ" ಅಂದಿದ್ದಳು. ಸಿದ್ದಿ ಸಾಲು ಬಿಟ್ಟು ಹೋಗಲಿಲ್ಲ. ಹೋಗದೇ ಇದ್ದದ್ದಕ್ಕೆ ನಾಚಿಕೆಯಾಯಿತು, ತಿಂದರೆ ರುಚಿಯಾಯಿತು, ಎರಡೂ ಒಟ್ಟಿಗೇ ಗಂಟಲಲ್ಲಿ ಇಳಿದವು. ಮಿಲ್ಲಿನ ಸಾಲಿನಲ್ಲಿ ಬಾಯಿ ಬಿಟ್ಟವಳು ಆ ಸಿದ್ದಿಯೇ. ಅರವತ್ತು ದಾಟಿದ ಹೆಂಗಸು, ಮನೆಯ ಬೀಗದ ಕೈ ಸೊಂಟದಲ್ಲಿರುವವಳು, ಅವಳನ್ನು ತಡೆಯಲು ಆಗಿರಲಿಲ್ಲ.

ನಾಲ್ಕನೆಯದೂ ಒಡೆಯಿತು.

"ಎಂತ ಮಾಡ್ತಾ ಉಂಟು ಬೀಗರೇ, ಇಷ್ಟು ಬೇಗ?"

ಅಡಿಗೆಮನೆಯ ಬಾಗಿಲಲ್ಲಿ ಅನುಪಮಾ ನಿಂತಿದ್ದಳು. ಶಾಲು ಹೊದ್ದು, ಕೂದಲು ಗಂಟು ಹಾಕಿಕೊಳ್ಳುತ್ತ. ಸಿದ್ದಮ್ಮ ಸರಕ್ಕನೆ ಪಾತ್ರೆಯ ಮುಂದೆ ಸರಿದು ನಿಂತಳು. ಒಡೆದ ದೋಸೆ ಅಡಗಿಸುವುದು ಸುಲಭ, ವಾಸನೆ ಅಡಗಿಸುವುದು ಕಷ್ಟ.

"ಏನಿಲ್ಲ, ಮಲಗಿ ಬೀಗರೆ. ಕಾಫಿ ಕಾಸ್ತೀನಿ."

"ಕಾಫಿ ಇರ್ಲಿ. ಇದೆಂತ ವಾಸನೆ?" ಅವಳು ಒಳಗೆ ಬಂದಳು. ಬಂದವಳು ನೇರವಾಗಿ ಮುಚ್ಚಳ ಎತ್ತಿದಳು. ಎತ್ತಬಹುದೇ ಎಂದು ಕೇಳುವ ಅಭ್ಯಾಸ ಅವಳಿಗಿರಲಿಲ್ಲ, ಸಿದ್ದಮ್ಮ ಅದನ್ನು ಮೊದಲೂ ಗಮನಿಸಿದ್ದಳು. ಒಂದು ಚೂರು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ಏಳು ವರ್ಷ ಕಾದದ್ದು ಹೀಗೆ ಚೂರುಚೂರಾಗಿ ಬಾಯಿಗೆ ಹೋಗಬೇಕಾಗಿರಲಿಲ್ಲ, ತಟ್ಟೆಯಲ್ಲಿ, ತುಪ್ಪದ ಜೊತೆ, ದುಂಡಗೆ ಹೋಗಬೇಕಾಗಿತ್ತು.

"ಜೋಳ ಅಲ್ವಾ?"

"ಹೂಂ." ಮತ್ತೆ ಅದೇ ಹೂಂ.

"ತಣ್ಣೀರಲ್ಲಿ ಕಲಸಿದ್ರಾ?"

"ತಣ್ಣೀರು, ಮಜ್ಜಿಗೆ."

"ಅದಕ್ಕೇ. ತರಿ ನೆನೆಯುದಿಲ್ಲ ಮಾರಾಯ್ತಿ ಹಾಗೆ ಮಾಡಿದ್ರೆ. ಕುದಿನೀರು ಹಾಕಿ ಮುಚ್ಚಿಡ್ಬೇಕು, ಹಬೆಯಲ್ಲಿ ಅದು ಹಿಗ್ಗಬೇಕು. ಆಮೇಲೆ ಬಾಕಿದ್ದೆಲ್ಲ. ನೀರು ಇಡಿ."

ಸಿದ್ದಮ್ಮ ನೀರಿಟ್ಟಳು. ತನ್ನ ಅಡಿಗೆಮನೆಯಲ್ಲಿ ನೀರು ಇಡಿ ಎಂದು ಇನ್ನೊಬ್ಬಳು ಹೇಳಿ, ತಾನು ಇಟ್ಟದ್ದು ಇದೇ ಮೊದಲು. ಸಿಟ್ಟು ಬರಬೇಕಿತ್ತು. ಅದರ ಬದಲು, ಯಾರೋ ಬಂದರಲ್ಲ ಎಂಬ ಸಮಾಧಾನ ಮೊಣಕಾಲಿನಿಂದ ಮೇಲಕ್ಕೇರಿತು. ಚೀಲದಿಂದ ಹೊಸ ತರಿ ಅಳೆದು, ಕುದಿಯುವ ನೀರು ಹುಯ್ದು, ತಟ್ಟೆ ಮುಚ್ಚಿ, ಮೇಲೊಂದು ಒರಸುವ ಬಟ್ಟೆ ಸುತ್ತಿದರು. ಕಾಯುವ ಹೊತ್ತಿನಲ್ಲಿ ಇಬ್ಬರೂ ಮಣೆ ಎಳೆದುಕೊಂಡು ಕಾಫಿ ಕುಡಿದರು.

"ಇದನ್ನೆಲ್ಲಿ ಕಲ್ತ್ರಿ ನೀವು? ಎಸ್ಟೇಟಲ್ಲಿ ಜೋಳ ಎಲ್ಲಿ ಬಂತು?"

"ಎಸ್ಟೇಟಲ್ಲೆಂತ. ನಮ್ಮಮ್ಮ ಕೂಲಿಯವರ ಲೈನಿನ ಶಾಲೆಯಲ್ಲಿ ಹಳದಿ ಉಪ್ಪಿಟ್ಟು ಬೇಯಿಸ್ತಿದ್ದದ್ದು. ದಿನಾ ಬೆಳಿಗ್ಗೆ ಹಂಡೆಗೆ ನೀರು ಹೊರ್ಲಿಕ್ಕೆ ನಾನು. ಅಮ್ಮ ಬಯ್ಯುದು ಒಂದೇ ಮಾತಿಗೆ, ನೀರು ಕುದಿಯುವ ಮುಂಚೆ ರವೆ ಹಾಕಿದ್ರೆ ಅಂತ. ತಳ ಹಿಡಿದದ್ದು ನಮ್ಮ ಪಾಲಿಗೆ ಬರುದು. ತಳ ಹಿಡಿದದ್ದೇ ರುಚಿ." ಅನುಪಮಾ ಲೋಟದ ತಳದ ಕಾಫಿಯನ್ನು ಅಲ್ಲಾಡಿಸಿ ಕುಡಿದಳು. "ನೀವು ತಿಂದಿದ್ದೀರಾ ಅದನ್ನ?"

"ತಿಂದಿದ್ದೀನಿ" ಅಂದಳು ಸಿದ್ದಮ್ಮ. ಆ ಮಾತು ಇಷ್ಟು ಸಲೀಸಾಗಿ ಬಂದದ್ದು ಅವಳಿಗೇ ವಿಚಿತ್ರವೆನಿಸಿತು. ರೈಟರ ಹೆಂಡತಿ ಲೈನಿನ ಮನೆಯಲ್ಲಿ ಬೆಳೆದವಳು ಎಂದು ಯಾರೂ ಹೇಳಿರಲಿಲ್ಲ, ಮುಚ್ಚಿಟ್ಟೂ ಇರಲಿಲ್ಲ, ತಾನು ಕೇಳಿರಲಿಲ್ಲ, ಅಷ್ಟೆ. ಆ ಸಿಲ್ಕಿನ ಸೀರೆಯನ್ನೂ ನೆಟ್ಟಗಿನ ನಡಿಗೆಯನ್ನೂ ನೋಡಿ ಮಿಕ್ಕದ್ದನ್ನೆಲ್ಲ ತಾನೇ ಹೊಲಿದುಕೊಂಡಿದ್ದಳು. ಮೆಟ್ಟಿಲ ಮೇಲೆ ಕೂತ ಹುಡುಗಿಯ ಪಕ್ಕದಲ್ಲಿ ಅವಳನ್ನು ಕೂರಿಸಿದ್ದಳು. ಅವಳೋ ಹಂಡೆಯ ಹತ್ತಿರ ನೀರಿನ ಕೊಡ ಹೊತ್ತು ನಿಂತಿದ್ದವಳು.

ತಟ್ಟೆ ತೆಗೆದಾಗ ತರಿ ಹಿಗ್ಗಿ, ಮೆತ್ತಗಾಗಿ, ತುಪ್ಪದ ಬಣ್ಣಕ್ಕೆ ತಿರುಗಿತ್ತು. ಬೆಲ್ಲದ ಪಾಕ, ಮಜ್ಜಿಗೆ, ಗೋಧಿಹಿಟ್ಟು, ಒಂದು ಚಿಟಿಕೆ ಸೋಡಾ, ಒಂದು ಏಲಕ್ಕಿ. "ಮೊಟ್ಟೆ ಒಂದಿದ್ರೆ ಒಳ್ಳೇದು" ಅಂದಳು ಅನುಪಮಾ. ಸಿದ್ದಮ್ಮ ಕೇಳಿಸದವಳಂತೆ ಸೌಟು ಹುಡುಕಿದಳು. ಹೆಂಚಿನ ಮೇಲೆ ಹುಯ್ದ ಹಿಟ್ಟು ಈ ಸಲ ಓಡಲಿಲ್ಲ, ಕೂರಲೂ ಇಲ್ಲ, ಸಾವಕಾಶವಾಗಿ ಅಂಚು ಹಿಡಿದು ದುಂಡಗಾಯಿತು. ಮೇಲೆ ತೂತುಗಳೆದ್ದವು. ಇಬ್ಬರೂ ಬಗ್ಗಿ ನೋಡಿದರು. ಮಗುಚುವ ಕೈಯನ್ನು ಸಿದ್ದಮ್ಮ ತೂರಿಸಿ, ಎತ್ತಿ, ತಿರುಗಿಸಿದಳು. ದೋಸೆ ಇಡಿಯಾಗಿ ಮಗುಚಿಕೊಂಡು ಬಿತ್ತು, ಹೊಂಬಣ್ಣ, ಅಲ್ಲಲ್ಲಿ ಕಂದು.

ಮಾನಸ ಎದ್ದು ಬಂದು ಇಬ್ಬರು ಅಮ್ಮಂದಿರು ಒಂದೇ ಒಲೆಯ ಮುಂದೆ ಬಗ್ಗಿರುವುದನ್ನು ಬಾಗಿಲಲ್ಲೇ ನಿಂತು ನೋಡಿದಳು, ತಾನು ಕೈ ಹಾಕುವುದು ಸರಿಯಲ್ಲವೆಂದು ತಿಳಿದುಕೊಂಡು ತಟ್ಟೆ ಹಾಕಿದಳು. ಶೋಭಿತಾ ಕಣ್ಣುಜ್ಜಿಕೊಂಡು ಬಂದು ಕೂತಳು. ನಂಜಪ್ಪ ಕೈಕಾಲು ತೊಳೆದು ಬಂದು, ಒಡೆದ ಚೂರಿನ ಪಾತ್ರೆಯನ್ನೇ ಮುಂದಿಟ್ಟುಕೊಂಡು, ಉಪ್ಪಿಟ್ಟೆಂದೇ ತಿಳಿದು ತಿನ್ನತೊಡಗಿದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಅನುಪಮಾ ಮೊದಲನೆಯದನ್ನು ತುಪ್ಪದಲ್ಲಿ ಅದ್ದಿ ತಿಂದಳು. ಎರಡನೆಯದಕ್ಕೆ ಜೇನು ಸುರಿದುಕೊಂಡಳು. ಸಿದ್ದಮ್ಮ ಒಲೆಯ ಹತ್ತಿರದಿಂದಲೇ ಅವಳ ದವಡೆಯನ್ನು ನೋಡುತ್ತಿದ್ದಳು. ಚೆನ್ನಾಗಿದೆ ಎನ್ನಲಿ, ಒಂದೇ ಸಲ ಎನ್ನಲಿ. ಅನ್ನುತ್ತಾಳೆ, ಈ ತುತ್ತು ನುಂಗಿ ಅನ್ನುತ್ತಾಳೆ ಎನ್ನುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಕೂಗು ಬಂತು.

"ಸಿದ್ದಮ್ಮಾರೇ, ಎದ್ದಿದ್ದೀರಾ?"

ಕೆಂಚಿ. ಕೈಯಲ್ಲಿ ಒಂದು ಖಾಲಿ ಡಬ್ಬಿ, ಅದರ ತಳಕ್ಕೆ ಮೆತ್ತಗೆ ಹುಲ್ಲು ಹಾಸಿತ್ತು.

"ಏನೇ ಕೆಂಚಿ, ಬೆಳಬೆಳಿಗ್ಗೆ."

"ಮಗಳು ಬಾಣಂತಿ ಅಲ್ವರಾ. ನಾಟಿ ಮೊಟ್ಟೆ ಕೊಡಿ ಅಂತ ಡಾಕ್ಟ್ರಮ್ಮ ಹೇಳವ್ರೆ. ಊರೆಲ್ಲ ಹುಡುಕ್ದೆ. ಆಮೇಲೆ ಗ್ಯಾಪ್ನ ಬಂತು, ಅಯ್ಯೋ ನಮ್ ಸಿದ್ದಮ್ಮಾರೆ ಸಾಕವ್ರಲ್ಲ ಅಂತ. ಒಂದ್ ನಾಕು ಕೊಡ್ರವ್ವ. ಸುಮ್ನೆ ಬೇಡ, ದುಡ್ಡು ಕೊಡ್ತೀನಿ."

ಸಿದ್ದಮ್ಮನಿಗೆ ಬೆನ್ನ ಮೇಲೆ ನಾಲ್ಕು ಜೊತೆ ಕಣ್ಣು ತಾಗಿದ ಹಾಗಾಯಿತು.

"ಇನ್ನೂ ಇಡೋಕೆ ಶುರು ಮಾಡಿಲ್ಲ ಕಣೆ" ಅಂದಳು.

"ಹೌದಾ? ಮರಿನಾ ಇನ್ನೂ?"

"ಹೂಂ, ಹ್ಯಾಟೆಗಳು."

"ಅಜ್ಜಿ," ಶೋಭಿತಾ ತುಂಬಿದ ಬಾಯಲ್ಲಿ ಕೇಳಿದಳು, "ನಮ್ ಕೋಳಿ ಎಲ್ಲಿದಾವೆ?"

ಕೆಂಚಿ ಕೊಟ್ಟಿಗೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಹಸು ಕಟ್ಟುತ್ತಿದ್ದ ಹಳೆಯ ಗೊಂತಿನಲ್ಲಿ ಸತೀಶನ ಔಷಧಿ ಹೊಡೆಯುವ ಕ್ಯಾನು, ಒಂದು ಟಯರು. ಇನ್ನೊಂದು ಸುಳ್ಳು ಸಿದ್ದಮ್ಮನ ಬಾಯಿಗೆ ಬಂದೇ ಬಂತು. ಕುಕ್ಕೆಯಡಿ ಮುಚ್ಚಿದ್ದೇನೆ ಎನ್ನಬಹುದಿತ್ತು, ತವರಿನಲ್ಲಿ ಬಿಟ್ಟಿದ್ದೇನೆ ಎನ್ನಬಹುದಿತ್ತು. ಆದರೆ ಕೆಂಚಿಯ ಡಬ್ಬಿಯ ತಳದಲ್ಲಿ ಹಾಸಿದ ಹುಲ್ಲು ಕಣ್ಣಿಗೆ ಬಿತ್ತು. ಮೊಟ್ಟೆ ಒಡೆಯಬಾರದೆಂದು ಯಾರೋ ಕೂತು ಅದನ್ನು ಜೋಡಿಸಿದ್ದರು, ಇಲ್ಲದ ಕೋಳಿಯ ಇಲ್ಲದ ಮೊಟ್ಟೆಗೆ. ತಾನು ಹೇಳಿದ್ದನ್ನು ನಂಬಿ ಒಬ್ಬ ಬಾಣಂತಿ ಮನೆಯಲ್ಲಿ ಕಾಯುತ್ತಿದ್ದಾಳೆ. ಹಾಗೆ ನೋಡಿದರೆ ಮಾನ ಎನ್ನುವುದು ಎಷ್ಟು ಸಣ್ಣ ಸಾಮಾನು ಎನಿಸಿತು. ಸೌಟನ್ನು ಕೆಳಗಿಟ್ಟಳು.

"ಕೋಳಿ ಇಲ್ಲ ಕಣೆ ಕೆಂಚಿ. ನಾನು ಸುಳ್ಳು ಹೇಳಿದ್ದು. ಆ ಜೋಳ ನಮಗೆ, ನಾವು ತಿನ್ನೋಕೆ. ನಾಕು ಜನರ ಮುಂದೆ ಅದನ್ನ ಹೇಳೋಕೆ ನಾಚ್ಕೆ ಆಯ್ತು, ಕೋಳಿಗೆ ಅಂದ್ಬುಟ್ಟೆ. ಇವತ್ತು ನಮ್ಮ ಬೀಗರಿಗೆ ಇಕ್ಕಿರೋದೂ ಅದೇ."

ಕೊನೆಯ ಮಾತನ್ನು ಅವಳು ಕೆಂಚಿಗೆ ಹೇಳಲಿಲ್ಲ, ಹಿಂದಕ್ಕೆ ತಿರುಗಿ ಹೇಳಿದಳು. ಹೇಳತೊಡಗಿದ ಮೇಲೆ ನಿಲ್ಲಿಸಲು ಆಗಲಿಲ್ಲ. "ನೀವು ಮನೆ ನೋಡೋಕೆ ಬಂದಾಗ ಕೇಳಿದ್ರಲ್ಲ ಬೀಗರೆ, ಇದೆಲ್ಲ ಕೋಳಿ ಫಾರಮ್ಮಿಗೆ ಹೋಗುದಾ ಅಂತ. ಅವತ್ತಿಂದ ನಂಗೆ ಅದೊಂದು ಮುಳ್ಳು. ಅದೇ ಜೋಳನ ನಿಮಗೆ ತಿನ್ನಿಸ್ಬೇಕು ಅಂತ ಮಾಡಿದ್ದು. ಮಿಲ್ಲಲ್ಲಿ ನಾನೇ ಆ ಮಾತು ಹೇಳ್ಕಂಡು ಬಂದೆ."

ಮಾನಸ ತಲೆ ತಗ್ಗಿಸಿದಳು. ನಂಜಪ್ಪ ಮಾತ್ರ ತಿನ್ನುವುದನ್ನು ನಿಲ್ಲಿಸಿರಲಿಲ್ಲ. ಅನುಪಮಾ ಬೆರಳಿನ ಜೇನು ನೆಕ್ಕಿ, ಹುಬ್ಬು ಗಂಟಿಕ್ಕಿದಳು.

"ನಾನು ಕೇಳಿದ್ದಾ? ಯಾವಾಗ?"

"ಅಂಗಳದಲ್ಲಿ. ನೆರಿಗೆ ಎತ್ಕಂಡು."

"ನಂಗೆ ನೆನಪೇ ಇಲ್ಲ ಮಾರಾಯ್ತಿ." ಅವಳು ನಿಜವಾಗಿಯೂ ಹುಡುಕುತ್ತಿದ್ದಳು, ಪೆಟ್ಟಿಗೆಯ ತಳದಲ್ಲಿ ಕಳೆದದ್ದನ್ನು ಹುಡುಕುವವರ ಹಾಗೆ. "ಕೇಳಿರ್ಬೋದು. ಹಿತ್ತಲಲ್ಲಿ ನನ್ನ ಕೋಳಿ ಉಂಟಲ್ಲ, ನೀವೇ ನೋಡಿದ್ದೀರಿ. ಅಂಗಡಿ ತರಿ ಯಾವಾಗ್ಲೂ ಧೂಳು. ಒಂದು ಮೂಟೆ ಸಿಗ್ತದಾ ಅಂತ ಆಸೆ ಆಗಿರ್ಬೇಕು. ಹೆಣ್ಣು ಕೊಡ್ಲಿಕ್ಕೆ ಬಂದವಳು ಜೋಳದ ರೇಟು ಕೇಳುದು ಹೇಗೆ ಅಂತ ಬಿಟ್ಟಿರ್ತೇನೆ. ನೆರಿಗೆ ಎತ್ತಿದ್ದು, ಆ ಸೀರೆ ನನ್ನ ನಾದಿನಿದು. ಜರಿಗೆ ಜೋಳ ಸಿಕ್ಕಿದ್ರೆ ಅವಳು ನನ್ನನ್ನು ಕೊಲ್ತಿದ್ಳು."

ಸಿದ್ದಮ್ಮ ಆ ಕೋಳಿಗಳನ್ನು ನೋಡಿದ್ದಳು. ಸಿದ್ದಾಪುರಕ್ಕೆ ಹೋದಾಗಲೆಲ್ಲ ಅವುಗಳ ಸಾರು ಉಂಡಿದ್ದಳು, ಎರಡು ಸಲ ಬಡಿಸಿಕೊಂಡಿದ್ದಳು. ಆ ಮಾತಿನ ಪಕ್ಕದಲ್ಲಿ ಆ ಕೋಳಿಗಳನ್ನು ಇಟ್ಟು ಒಂದು ದಿನವೂ ನೋಡಿರಲಿಲ್ಲ. ನಗು ಬಂದದ್ದು ಮೊದಲು ಕೆಂಚಿಗೆ. ಡಬ್ಬಿಯನ್ನು ಸೊಂಟಕ್ಕೊತ್ತಿಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತೇಬಿಟ್ಟಳು. "ಆ ಅಶೋಕ ನಿಮ್ ಕೋಳಿಗೆ ಕಾಯಿಲೆ ಔಷ್ದಿ ಬೇರೆ ಹೇಳ್ಬೇಕು ಅಂತಿದ್ದ ಕಣ್ರವ್ವ" ಅಂದಳು. ಆಮೇಲೆ ಮಾನಸ ನಕ್ಕಳು. ಅನುಪಮಾ ನಕ್ಕಾಗ ಅವಳ ಹೊಟ್ಟೆ ತಟ್ಟೆಗೆ ತಾಗಿ ತಟ್ಟೆ ಕುಣಿಯಿತು. ಸಿದ್ದಮ್ಮನಿಗೆ ಅಳು ಬರುತ್ತದೇನೋ ಎಂದು ಒಂದು ಗಳಿಗೆ ಅನುಮಾನವಾಯಿತು. ಬರಲಿಲ್ಲ. ಹೆಂಚಿನ ಮೇಲಿದ್ದದ್ದು ಸೀಯುತ್ತಿತ್ತು, ಅದನ್ನು ಮಗುಚಿದಳು.

ಕೆಂಚಿಗೂ ಒಂದು ಬಿಸಿಯದನ್ನು ಎಲೆಯಲ್ಲಿ ಹಾಕಿಕೊಟ್ಟಳು. ಕೆಂಚಿ ಊದಿ ಊದಿ ತಿಂದು, "ಸಂದಾಗೈತೆ. ಉಪ್ಪು ಒಂಚೂರು ಕಮ್ಮಿ" ಅಂದಳು.

"ಕೊನೆಗೆ ಒಬ್ಬರಾದ್ರೂ ಚೆನ್ನಾಗಿದೆ ಅಂದ್ರಲ್ಲ" ಎಂದಳು ಸಿದ್ದಮ್ಮ.

"ನಾನು ಮೂರನೆಯದು ತಿಂತಾ ಇದ್ದೇನೆ," ಅನುಪಮಾ ತಲೆಯೆತ್ತದೆ ಹೇಳಿದಳು, "ಇನ್ನೆಂತ ಹೇಳ್ಬೇಕು ನಾನು? ಆ ಸೀದದ್ದು ಯಾರಿಗೂ ಬೇಡಾಂದ್ರೆ ಇಲ್ಲಿ ಹಾಕಿ."

ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟಾಗ ಚೀಲದಲ್ಲಿ ಉಳಿದಿದ್ದ ತರಿಯನ್ನೆಲ್ಲ ಸಿದ್ದಮ್ಮ ಗಂಟು ಕಟ್ಟಿ ಕೊಟ್ಟಳು, ಅವಳ ಕೋಳಿಗಳಿಗೆ. ಹೀಗಾಗಿ ಮಿಲ್ಲಿನಲ್ಲಿ ಹೇಳಿದ್ದು ಪೂರ್ತಿ ಸುಳ್ಳಾಗಿಯೂ ಉಳಿಯಲಿಲ್ಲ. ಕೆಂಚಿಯ ಮಗಳಿಗೆ ಮೊಟ್ಟೆಯನ್ನು ನಾಳೆ ಸಿದ್ದಾಪುರದ ಮೇಲೆ ವಾಪಸು ಬರುವ ಸತೀಶನ ಪಿಕಪ್ಪಿನಲ್ಲಿ ಕಳಿಸುತ್ತೇನೆಂದಳು ಅನುಪಮಾ. ಜೊತೆಗೆ ಎರಡು ಹ್ಯಾಟೆಯನ್ನೂ ಕಳಿಸುತ್ತೇನೆ, ಊರಿಗೆ ಹೇಳಿಯಾಗಿದೆಯಲ್ಲ, ಇನ್ನು ಸಾಕಲೇಬೇಕು ಅಂದಳು. ನಂಜಪ್ಪ ಸಂಜೆಗೆ ಗೊಂತಿನಿಂದ ಟಯರು, ಕ್ಯಾನು ತೆಗೆದು ಗುಡಿಸಿದ. ಸಿದ್ದಮ್ಮ ಬೆಳಗಿನ ಪಾತ್ರೆಗಳನ್ನೆಲ್ಲ ಹಿತ್ತಲಿನ ಕಲ್ಲಿನ ಮೇಲೆ ರಾಶಿ ಹಾಕಿಕೊಂಡು ತೊಳೆಯಲು ಕೂತಳು. ಅಭ್ಯಾಸಬಲದಿಂದ ಮನಸ್ಸು ಹಳೆಯ ಜವಾಬು ಹುಡುಕಲು ಹೊರಟು, ಕೊಡಬೇಕಾದವರು ಯಾರೂ ಇಲ್ಲವೆಂದು ಅರ್ಧಕ್ಕೇ ವಾಪಸಾಯಿತು. ಸ್ವಲ್ಪ ಖಾಲಿಯೆನಿಸಿತು. ನಾಳೆ ಮಿಲ್ಲಿಗೆ ಹೋಗಿ ನುಣ್ಣಗೆ ಬೀಸು, ನಮಗೆ ಎನ್ನಬೇಕು ಎಂದುಕೊಂಡಳು. ಆ ದಿನದ ಲೆಕ್ಕದಲ್ಲಿ ಬಂದದ್ದು ಎರಡು ಹ್ಯಾಟೆ, ಒಂದು ಕುದಿನೀರಿನ ಉಪಾಯ, ಜೊತೆಗೆ ಬೀಗಿತ್ತಿ. ಹೋದದ್ದು ಏಳು ವರ್ಷ ಕಾಪಾಡಿಕೊಂಡು ಬಂದಿದ್ದ ಒಂದು ಸಿಟ್ಟು.